17 ಇಂಚಿನ ಹಳೆ ಮಾನಿಟರ್, 5 ಮೀಟರ್ ಕೇಬಲ್, ಲಿನಕ್ಸ್ ಮಿಂಟ್: ದ, ಧ, ಥ ಬೇರೆ ಬೇರೆ ಕಾಣುವವರೆಗೆ

ಜಾಗ: ಗದಗ-ಬೆಟಗೇರಿಯ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸಿನ ಡಿಟಿಪಿ ಟೇಬಲ್. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆ ಹ್ಯಾಂಡ್‌ಬಿಲ್, ಇಷ್ಟೇ ಕೆಲಸ. ಮುದ್ರಣ ಕಾಶಿ ಅನ್ನಿಸಿಕೊಂಡ ಊರಿನಲ್ಲಿ ಒಂದು ಒತ್ತು ತಪ್ಪಿದರೂ ಗಿರಾಕಿ ಕಾರ್ಡು ವಾಪಸ್ ಕೊಡುತ್ತಾನೆ. ಹಾಗಾಗಿ ಪರದೆ ಮೇಲೆ 10 ಪಾಯಿಂಟ್ ಕನ್ನಡ ತಿಳಿಯಾಗಿ ಓದಲು ಬರಬೇಕು ಅನ್ನುವುದೇ ಇಲ್ಲಿನ ಅಳತೆಗೋಲು.

ಸಾಮಾನು:

ಮಾನಿಟರ್: 17 ಇಂಚು ಎಲ್‌ಸಿಡಿ, 1280×1024, ಅಂದರೆ 5:4. ಟಿಎನ್ ಪ್ಯಾನೆಲ್ (ಓರೆಯಿಂದ ನೋಡಿದರೆ ಬಣ್ಣ ಬದಲಾಗುವ ಬಗೆ), ಟ್ಯೂಬ್ ಬ್ಯಾಕ್‌ಲೈಟ್, ವಿಜಿಎ (ಹಳೆಯ ಅನಲಾಗ್ ಜೋಡಣೆ) ಮಾತ್ರ. ಸೆಕೆಂಡ್‌ಹ್ಯಾಂಡ್, ₹800.
ಕಂಪ್ಯೂಟರ್: ಎರಡನೇ ತಲೆಮಾರಿನ ಕೋರ್ ಐ3, ಇಂಟೆಲ್ ಗ್ರಾಫಿಕ್ಸ್, 4 ಜಿಬಿ ರ‍್ಯಾಮ್. ಲಿನಕ್ಸ್ ಮಿಂಟ್ 21, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್, ಕರ್ನಲ್ (ಲಿನಕ್ಸಿನ ತಿರುಳು) 5.15.
ಕೇಬಲ್: 5 ಮೀಟರ್ ವಿಜಿಎ, ಗೋಡೆಯ ಪೈಪಿನೊಳಗಿಂದ ಹಾದುಬಂದದ್ದು. ಪೇಪರ್ ಧೂಳು ತಾಗಬಾರದೆಂದು ಸಿಪಿಯು ಪಕ್ಕದ ಕೋಣೆಯಲ್ಲಿದೆ.
ಆಮೇಲೆ ಕೊಂಡದ್ದು: 1.5 ಮೀಟರ್ ವಿಜಿಎ ಕೇಬಲ್ ₹180, ಎಂ4 ಸ್ಕ್ರೂ ಎರಡು ಸಲ (ಯಾಕೆಂದು ಕೆಳಗಿದೆ) ₹40. ಮಲ್ಟಿಮೀಟರ್ ಇತ್ತು.

ಕಮಾಂಡ್, ಫೈಲ್ ಹೆಸರುಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು, ಅದೂ ಸಣ್ಣಕ್ಷರ-ದೊಡ್ಡಕ್ಷರ ನೋಡಿಕೊಂಡು.

ಹಂತ 1. ಏನು ಕೆಟ್ಟಿತ್ತು

ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 1024×768ಕ್ಕಿಂತ ಮೇಲಿನದು ಪಟ್ಟಿಯಲ್ಲೇ ಇಲ್ಲ. ಆ ಚಿತ್ರವನ್ನು ಮಾನಿಟರ್ ತಾನೇ ಹಿಗ್ಗಿಸಿ ತೋರಿಸುತ್ತಿತ್ತು. ಅಡ್ಡಕ್ಕೆ 1.25 ಪಟ್ಟು, ಉದ್ದಕ್ಕೆ 1.33 ಪಟ್ಟು. ದುಂಡಗಿನ ಲೋಗೊ ಮೊಟ್ಟೆಯಾಗಿತ್ತು. ಅದಕ್ಕಿಂತ ದೊಡ್ಡ ತೊಂದರೆ ಅಕ್ಷರದ್ದು. 'ದ ಧ ಥ' ಮೂರನ್ನೂ 10 ಪಾಯಿಂಟ್‌ನಲ್ಲಿ ಸಾಲಾಗಿ ಹೊಡೆದರೆ ಧ ಅಕ್ಷರದ ಕೆಳಗಿನ ಸೀಳು ಮುಚ್ಚಿಹೋಗುತ್ತಿತ್ತು, ಥ ಒಳಗಿನ ಚುಕ್ಕೆ ಕಲೆಯಂತೆ ಕಾಣುತ್ತಿತ್ತು. 10 ಪಾಯಿಂಟ್ ಅಂದರೆ 96 ಡಿಪಿಐನಲ್ಲಿ 13 ಪಿಕ್ಸೆಲ್ ಎತ್ತರ. ಅಷ್ಟರಲ್ಲೇ ತಲೆಕಟ್ಟು, ಅಕ್ಷರ, ಒತ್ತು ಎಲ್ಲ ಕೂಡಬೇಕು. ಪಿಕ್ಸೆಲ್‌ಗೆ ಪಿಕ್ಸೆಲ್ ಹೊಂದದಿದ್ದರೆ ಇಂಗ್ಲಿಷ್ ಹೇಗೋ ಓದಬಹುದು, 'ವೈಶಿಷ್ಟ್ಯ' ಓದಲಾಗದು.

ಹಂತ 2. ತಪಾಸಣೆ, ಮೊದಲ ತಪ್ಪು

ಎಕ್ಸ್‌ರ‍್ಯಾಂಡರ್ (ಪರದೆಯ ಮೋಡ್ ನೋಡುವ, ಬದಲಿಸುವ ಕಮಾಂಡ್) ಹೊಡೆದಾಗ ಔಟ್‌ಪುಟ್ ಹೆಸರು ವಿಜಿಎ-1, ಸ್ಥಿತಿ 'ಕನೆಕ್ಟೆಡ್', ಅಳತೆ 0 ಮಿ.ಮೀ × 0 ಮಿ.ಮೀ. ಕೆಳಗೆ 1024×768, 800×600, 848×480, 640×480 ಇಷ್ಟೇ. ಈ ನಾಲ್ಕೇ ಕಂಡರೆ ಮಾನಿಟರಿನ ಇಡಿಐಡಿ ಕರ್ನಲ್‌ಗೆ ಸಿಕ್ಕಿಲ್ಲ ಎಂದು ಹಿಡಿಯಬಹುದು. ಇಡಿಐಡಿ ಅಂದರೆ ಮಾನಿಟರ್ ತನ್ನ ಬಗ್ಗೆ ಹೇಳಿಕೊಳ್ಳುವ 128 ಬೈಟಿನ ಜಾತಕ. ಅದು ಇಲ್ಲದಿದ್ದರೆ ಕರ್ನಲ್ ಅಪಾಯವಿಲ್ಲದ ನಾಲ್ಕು ಮೋಡ್ ಕೊಟ್ಟು ಸುಮ್ಮನಾಗುತ್ತದೆ. 'ಕನೆಕ್ಟೆಡ್' ಎಂದು ತೋರಿಸುವುದಕ್ಕೆ ಇಡಿಐಡಿ ಬೇಕಿಲ್ಲ. ಬಣ್ಣದ ತಂತಿಯ ತುದಿಗಿರುವ 75 ಓಮ್ ತಗುಲಿದರೆ ಸಾಕು.

ಖಾತ್ರಿಗೆ /ಸಿಸ್/ಕ್ಲಾಸ್/ಡಿಆರ್‌ಎಂ/ಕಾರ್ಡ್0-ವಿಜಿಎ-1 ಫೋಲ್ಡರಿನಲ್ಲಿ 'ಎಲ್‌ಎಸ್ -ಎಲ್' ಹಾಕಿ ನೋಡಿದ್ದು ತಪ್ಪಾಯಿತು. ಅಲ್ಲಿ ಇಡಿಐಡಿ ಫೈಲಿನ ಗಾತ್ರ ಯಾವಾಗಲೂ 0 ಅಂತಲೇ ಬರುತ್ತದೆ, ಒಳಗೆ ಮಾಹಿತಿ ಇದ್ದರೂ. 'ಡಬ್ಲ್ಯುಸಿ -ಸಿ' ಹಾಕಿ ಎಣಿಸಬೇಕು. ಹಾಗೆ ಎಣಿಸಿದಾಗಲೂ ಇಲ್ಲಿ 0 ಬಂತು, ಆದ್ದರಿಂದ ತಪ್ಪು ದಾರಿಯಲ್ಲಿ ಸರಿ ಉತ್ತರ ಸಿಕ್ಕಂತಾಯಿತು. ಇದೇ ಚಾಳಿ ಮುಂದೆ ಹಂತ 5ರಲ್ಲಿ ಅರ್ಧ ದಿನ ತಿಂದಿತು.

ಹಂತ 3. ಕೈಯಿಂದ ಮೋಡ್ ಕೊಟ್ಟದ್ದು

ಎಲ್ಲರೂ ಮಾಡುವಂತೆ, ಟೈಮಿಂಗ್ ಲೆಕ್ಕ ಹಾಕಿಕೊಡುವ 'ಸಿವಿಟಿ 1280 1024 60' ಹೊಡೆದು, ಬಂದ ಸಾಲನ್ನು ಎಕ್ಸ್‌ರ‍್ಯಾಂಡರಿನ ನ್ಯೂಮೋಡ್, ಆ್ಯಡ್‌ಮೋಡ್‌ಗೆ ಕೊಟ್ಟು, ಕೊನೆಗೆ ಔಟ್‌ಪುಟ್-ಮೋಡ್ ಹಾಕಿದ್ದು. ಸಿವಿಟಿ ಕೊಟ್ಟ ಸಾಲು (ಮೊದಲು ಪಿಕ್ಸೆಲ್ ವೇಗ ಮೆಗಾಹರ್ಟ್ಜ್‌ನಲ್ಲಿ, ಆಮೇಲೆ ಅಡ್ಡದ ನಾಲ್ಕು, ಉದ್ದದ ನಾಲ್ಕು ಅಂಕಿ; ಪ್ರತಿ ನಾಲ್ಕರಲ್ಲಿ ಕೊನೆಯದು ಒಟ್ಟು):

109.00 1280 1368 1496 1712 1024 1027 1034 1063 -ಎಚ್‌ಸಿಂಕ್ +ವಿಸಿಂಕ್

ಪರದೆ 1280×1024 ಅಂತ ತೋರಿಸಿತು. ಆದರೆ ಚಿತ್ರ ಎಡಕ್ಕೆ ಸರಿದು ಮೊದಲ ಕಾಲಮ್ಮಿನ ಅಕ್ಷರ ಅರ್ಧ ನುಂಗಿತ್ತು, ಬಲಗಡೆ ಕಪ್ಪು ಪಟ್ಟಿ ಉಳಿದಿತ್ತು. ಪರದೆ ತುಂಬ ಮೇಲಿಂದ ಕೆಳಗೆ ಮಸುಕು ಗೆರೆಗಳು, ಸಮ ಅಂತರದಲ್ಲಿ. ಕನ್ನಡ ಒಂದು ಕಡೆ ತಿಳಿ, ಎರಡು ಬೆರಳು ಆಚೆ ಮಸುಕು.

ಇಲ್ಲೇ ಇಡೀ ಕೆಲಸದ ಗುಟ್ಟಿದೆ. ರೆಸಲ್ಯೂಶನ್ ಅಂಕಿ ಸರಿಯಾದರೆ ಸಾಲದು, ಟೈಮಿಂಗ್ ಕೂಡ ಆ ಮಾನಿಟರಿಗೆ ಗೊತ್ತಿರುವುದೇ ಆಗಿರಬೇಕು. ವಿಜಿಎ ತಂತಿಯಲ್ಲಿ ಪಿಕ್ಸೆಲ್ ಎಣಿಸಿ ಕಳಿಸುವ ವ್ಯವಸ್ಥೆ ಇಲ್ಲ. ಬರುವುದು ಏರಿಳಿಯುವ ವೋಲ್ಟೇಜ್, ಜೊತೆಗೆ ಸಾಲು ಶುರು ಮತ್ತು ಪುಟ ಶುರು ಎಂಬ ಎರಡು ಸಂಜ್ಞೆ (ಸಿಂಕ್). ಮಾನಿಟರ್ ಆ ಸಂಜ್ಞೆಗಳ ವೇಗ ಮತ್ತು ಪೊಲಾರಿಟಿ ನೋಡಿ ತನ್ನೊಳಗಿನ ಪಟ್ಟಿಯಿಂದ ಒಂದು ಮೋಡ್ ಆರಿಸಿ, ಒಂದು ಸಾಲನ್ನು ಎಷ್ಟು ತುಂಡು ಮಾಡಬೇಕೆಂದು ನಿರ್ಧರಿಸುತ್ತದೆ. ಈ ಅಳತೆಗೆ ವೆಸಾ (ಪರದೆಗಳ ಮಾನದಂಡ ಹೇಳುವ ಸಂಸ್ಥೆ) ನಿಗದಿ ಮಾಡಿದ ಟೈಮಿಂಗ್ ಇದು:

108.00 1280 1328 1440 1688 1024 1025 1028 1066 +ಎಚ್‌ಸಿಂಕ್ +ವಿಸಿಂಕ್

ಸಿವಿಟಿ ಕಳಿಸಿದ್ದು ಸಾಲಿಗೆ 1712, ಮಾನಿಟರ್ ತುಂಡು ಮಾಡಿದ್ದು 1688. ವ್ಯತ್ಯಾಸ 24. ಒಂದು ಸಾಲಿನಲ್ಲಿ ಮಾದರಿ ತೆಗೆಯುವ ಕ್ಷಣ 24 ಸಲ ಪಿಕ್ಸೆಲ್ಲಿನ ಅಂಚಿಗೆ ಬೀಳುತ್ತದೆ. ಅದರಲ್ಲಿ ಕಣ್ಣಿಗೆ ಕಾಣುವ ಭಾಗಕ್ಕೆ ಬರುವುದು ಸುಮಾರು 18. ಬೆರಳಿಟ್ಟು ಎಣಿಸಿದಾಗ ಮಸುಕು ಗೆರೆಗಳು ಅಷ್ಟೇ ಇದ್ದವು. ಎಡಕ್ಕೆ ಸರಿದದ್ದಕ್ಕೂ ಲೆಕ್ಕ ಸಿಗುತ್ತದೆ: ಸಿಂಕ್ ಶುರುವಾದ ಮೇಲೆ ಚಿತ್ರ ಬರಲು ವೆಸಾದಲ್ಲಿ 360 ಪಿಕ್ಸೆಲ್ ಕಾಲ, ಸಿವಿಟಿಯಲ್ಲಿ 344.

ವೆಸಾ ಸಾಲು ಕೊಟ್ಟ ತಕ್ಷಣ ಚಿತ್ರ ನಾಲ್ಕು ಅಂಚಿಗೂ ಹೊಂದಿಕೊಂಡಿತು. ಮಾನಿಟರಿನ ಮೆನುವಿನಲ್ಲಿ 64 ಕಿಲೋಹರ್ಟ್ಜ್, 60 ಹರ್ಟ್ಜ್ ಬಂತು (ನಿಖರವಾಗಿ 63.98 ಮತ್ತು 60.02). ಹಳೆ ಎಲ್‌ಸಿಡಿಗೆ ಸಿವಿಟಿ ಕಮಾಂಡ್ ಬಳಸಬೇಡಿ ಅಂತಲೇ ಹೇಳುವುದು. ಜಿಟಿಎಫ್ ಎಂಬ ಇನ್ನೊಂದು ಲೆಕ್ಕದ ಕಮಾಂಡ್ ಕೂಡ ಅದೇ ಜಾತಿ, ಅದೂ ಸಾಲಿಗೆ 1712 ಕೊಡುತ್ತದೆ.

75 ಹರ್ಟ್ಜ್ ಕೂಡ ಹಾಕಿ ನೋಡಿದ್ದಾಯಿತು (135.00 1280 1296 1440 1688, ಕೆಳಗಿನ ನಾಲ್ಕು ಅಂಕಿ ಅವೇ). ಎಲ್‌ಸಿಡಿಗೆ ಅದರಿಂದ ಲಾಭ ಕಾಣಲಿಲ್ಲ. ಬದಲಿಗೆ 5 ಮೀಟರ್ ತೆಳು ಕೇಬಲ್‌ನಲ್ಲಿ 135 ಮೆಗಾಹರ್ಟ್ಜ್ ಓಡಿಸಿದರೆ ಪ್ರತಿ ಅಕ್ಷರದ ಬಲಕ್ಕೆ ನೆರಳು ಬಿತ್ತು. 60ಕ್ಕೇ ಬಿಟ್ಟದ್ದು.

ಹಂತ 4. ರಿಬೂಟ್ ಆದರೆ ಎಲ್ಲ ಮಾಯ

ಎಕ್ಸ್‌ರ‍್ಯಾಂಡರ್ ಕೊಟ್ಟದ್ದು ಲಾಗೌಟ್ ಆಗುವವರೆಗೆ ಮಾತ್ರ. ಕಾಯಂ ಮಾಡಲು ಎರಡು ಪ್ರಯತ್ನ, ಎರಡೂ ಸೋತವು.

ಒಂದು, ಮೂರೂ ಕಮಾಂಡನ್ನು ಡಾಟ್-ಎಕ್ಸ್‌ಪ್ರೊಫೈಲ್ ಫೈಲಿಗೆ ಹಾಕಿದ್ದು. ಲಾಗಿನ್ ಆದಾಗ ಒಂದು ಕ್ಷಣ ಸರಿಯಾಗಿ, ಮತ್ತೆ 1024×768ಕ್ಕೆ ಬೀಳುತ್ತಿತ್ತು. ಎಕ್ಸ್‌ಎಫ್‌ಸಿಇ ತಾನು ಹಿಂದೆ ಉಳಿಸಿಕೊಂಡ ಸೆಟ್ಟಿಂಗ್ ಅನ್ನು ಆಮೇಲೆ ಹಾಕುವುದೇ ಕಾರಣ. ಅದು ಇರುವುದು ಡಾಟ್-ಕಾನ್ಫಿಗ್ ಒಳಗೆ ಎಕ್ಸ್‌ಎಫ್‌ಸಿಇ4, ಎಕ್ಸ್‌ಎಫ್‌ಕಾನ್ಫ್ ಫೋಲ್ಡರುಗಳ ಕೆಳಗೆ, ಡಿಸ್‌ಪ್ಲೇಸ್ ಡಾಟ್ ಎಕ್ಸ್‌ಎಂಎಲ್ ಎಂಬ ಫೈಲಿನಲ್ಲಿ. ಅದನ್ನು ಅಳಿಸಿ ಲಾಗಿನ್ ಆದರೆ ಡೆಸ್ಕ್‌ಟಾಪ್ ಸರಿ. ಲಾಗಿನ್ ಪರದೆ ಮಾತ್ರ ಇನ್ನೂ ಹಳೆಯದೇ, ಡಾಟ್-ಎಕ್ಸ್‌ಪ್ರೊಫೈಲ್ ಓಡುವುದೇ ಲಾಗಿನ್ ಆದಮೇಲೆ.

ಎರಡು, ಬೂಟ್ ಸಾಲಿನಲ್ಲಿ 'ವಿಡಿಯೊ=ವಿಜಿಎ-1:1280x1024@60' ಕೊಟ್ಟದ್ದು. ಲಾಗಿನ್ ಪರದೆಯೂ ದೊಡ್ಡದಾಯಿತು, ಖುಷಿಯಾಯಿತು, ಆದರೆ ಮಸುಕು ಗೆರೆಗಳು ವಾಪಸ್ ಬಂದವು. ಪಟ್ಟಿಯಲ್ಲಿ ಇಲ್ಲದ ಮೋಡ್ ಕೇಳಿದರೆ ಕರ್ನಲ್ ಅದನ್ನು ಜಿಟಿಎಫ್ ಲೆಕ್ಕದಿಂದ ತಯಾರಿಸುತ್ತದೆ. ಮತ್ತೆ 1712.

ಹಂತ 5. ಕೇಬಲ್ಲಿನ ಬಣ್ಣ ಬಯಲು

ಇಷ್ಟೊತ್ತಿಗೆ ಮಲ್ಟಿಮೀಟರ್ ತೆಗೆಯಬೇಕಿತ್ತು, ತಡವಾಗಿ ತೆಗೆದದ್ದು. ಗೋಡೆಯ ಎರಡೂ ಬದಿ ಬೇಕಾದ್ದರಿಂದ ಒಂದು ತುದಿಯಲ್ಲಿ ಪಿನ್ನನ್ನು ಕವಚಕ್ಕೆ ಶಾರ್ಟ್ ಮಾಡಿ ಇನ್ನೊಂದು ತುದಿಯಲ್ಲಿ ಬೀಪ್ ನೋಡುತ್ತ ಹೋಗುವುದು. ಇಬ್ಬರು ಬೇಕು, ಇಲ್ಲದಿದ್ದರೆ ಓಡಾಟವೇ ಕೆಲಸ.

1, 2, 3 (ಕೆಂಪು, ಹಸಿರು, ನೀಲಿ): ಸರಿ. 13, 14 (ಎರಡು ಸಿಂಕ್): ಸರಿ. 9 (5 ವೋಲ್ಟ್): ಪಿನ್ನೇ ಇಲ್ಲ. 12 ಮತ್ತು 15 (ಇಡಿಐಡಿಯ ಡೇಟಾ ಮತ್ತು ಕ್ಲಾಕ್): ಪಿನ್ ಇದೆ, ಒಳಗೆ ತಂತಿ ಇಲ್ಲ.

ಅಗ್ಗದ ವಿಜಿಎ ಕೇಬಲ್‌ಗಳಲ್ಲಿ ಇದು ಮಾಮೂಲು. ಚಿತ್ರ ಬರಲು ಬೇಕಾದ ತಂತಿಗಳನ್ನಷ್ಟೇ ಎಳೆದಿರುತ್ತಾರೆ. ಪ್ಲಗ್ಗಿನಲ್ಲಿ ಪಿನ್ ಎಣಿಸಿದರೆ ಗೊತ್ತಾಗುತ್ತದೆ ಅಂದುಕೊಳ್ಳಬೇಡಿ, 12 ಮತ್ತು 15 ಹೊರಗಿನಿಂದ ಛಲೋ ಹೊಳೆಯುತ್ತಿದ್ದವು. 9ನೇ ಪಿನ್ ಒಂದೇ ಇಲ್ಲದ ಕೇಬಲ್ ಇನ್ನೊಂದು ಬಗೆಯ ಕಾಟ ಕೊಡುತ್ತದೆ: ಇಡಿಐಡಿ ಚಿಪ್ಪಿಗೆ ಕಂಪ್ಯೂಟರಿನಿಂದ ಕರೆಂಟ್ ಸಿಗದು, ಆದ್ದರಿಂದ ಮಾನಿಟರ್ ಮೊದಲೇ ಆನ್ ಆಗಿದ್ದರೆ ಮಾತ್ರ ಓದಲು ಬರುತ್ತದೆ. ಕರೆಂಟ್ ಹೋಗಿ ಬಂದಾಗ ಸಿಪಿಯು ಮೊದಲು, ಮಾನಿಟರ್ ಆಮೇಲೆ ಆನ್ ಮಾಡಿದರೆ ಆ ದಿನ ರೆಸಲ್ಯೂಶನ್ ಇಲ್ಲ. 'ಒಮ್ಮೆ ಬರುತ್ತೆ, ಒಮ್ಮೆ ಬರಲ್ಲ' ಅನ್ನುವ ದೂರಿಗೆ ಮೊದಲು ಇದನ್ನೇ ನೋಡಿ.

ಗೋಡೆ ಪೈಪಿನಿಂದ ಕೇಬಲ್ ಎಳೆಯಲು ಹೋದರೆ ಪ್ಲಗ್ ತಿರುವಿನಲ್ಲಿ ಸಿಕ್ಕಿಕೊಂಡಿತು. ಪೈಪ್ ಹಾಕಿದ ಮೇಲೆ ಪ್ಲಾಸ್ಟರ್ ಮಾಡಿದ್ದಾರೆ. ಕೇಬಲ್ ಅಲ್ಲೇ ಇರಲಿ, ಇಡಿಐಡಿಯನ್ನು ಬೇರೆ ದಾರಿಯಿಂದ ತಲುಪಿಸೋಣ ಎಂದು ತೀರ್ಮಾನ.

ಹುಬ್ಬಳ್ಳಿಗೆ ಹೋದವರ ಕೈಲಿ ಕೊಪ್ಪಿಕರ ರಸ್ತೆಯಿಂದ 1.5 ಮೀಟರ್ ಕೇಬಲ್ ತರಿಸಿದ್ದು, ಅಂಗಡಿಯಲ್ಲೇ 9, 12, 15 ಬೀಪ್ ಮಾಡಿಸಿ. ಮಾನಿಟರನ್ನು ಸಿಪಿಯು ಹತ್ತಿರ ಹೊತ್ತು ಈ ಕೇಬಲ್‌ನಿಂದ ಜೋಡಿಸಿದರೆ 'ಡಬ್ಲ್ಯುಸಿ -ಸಿ' 128 ತೋರಿಸಿತು. ಎಕ್ಸ್‌ರ‍್ಯಾಂಡರಿನಲ್ಲಿ 338 ಮಿ.ಮೀ × 270 ಮಿ.ಮೀ. ಅದನ್ನು 'ಕ್ಯಾಟ್' ಮಾಡಿ ಒಂದು ಫೈಲಿಗೆ ಇಳಿಸಿ, 'ಇಡಿಐಡಿ-ಡಿಕೋಡ್'ನಲ್ಲಿ ಚೆಕ್‌ಸಮ್ ಸರಿಯಿದೆಯೇ ನೋಡಿಕೊಂಡದ್ದಾಯಿತು. ಮೊದಲ ಎಂಟು ಬೈಟ್ 00, ಆರು ಸಲ ಎಫ್‌ಎಫ್, ಮತ್ತೆ 00 ಇರಬೇಕು. ಇಲ್ಲದಿದ್ದರೆ ಓದುವಾಗಲೇ ಕೆಟ್ಟಿದೆ.

ಮುಂದಿನದು ಕ್ರಮವಾಗಿ:

ಫೈಲನ್ನು /ಲಿಬ್/ಫರ್ಮ್‌ವೇರ್/ಇಡಿಐಡಿ ಫೋಲ್ಡರಿಗೆ ಹಾಕಿ (ಫೋಲ್ಡರ್ ಇಲ್ಲದಿದ್ದರೆ ಮಾಡಿಕೊಳ್ಳಿ) ಟೇಬಲ್17.ಬಿನ್ ಎಂದು ಹೆಸರಿಟ್ಟದ್ದು. /ಇಟಿಸಿ/ಡಿಫಾಲ್ಟ್/ಗ್ರಬ್ ಎಂಬ ಬೂಟ್ ಸೆಟ್ಟಿಂಗ್ ಫೈಲಿನ ಲಿನಕ್ಸ್_ಡಿಫಾಲ್ಟ್ ಸಾಲಿಗೆ 'ಡಿಆರ್‌ಎಂ.ಇಡಿಐಡಿ_ಫರ್ಮ್‌ವೇರ್=ವಿಜಿಎ-1:ಇಡಿಐಡಿ/ಟೇಬಲ್17.ಬಿನ್' ಸೇರಿಸಿ, ಹಂತ 4ರ 'ವಿಡಿಯೊ=' ತೆಗೆದು, 'ಅಪ್‌ಡೇಟ್-ಗ್ರಬ್'. ರಿಬೂಟ್.

ಏನೂ ಆಗಲಿಲ್ಲ. 'ಡಿಮೆಸೇಜ್'ನಲ್ಲಿ (ಕರ್ನಲ್ ಸಂದೇಶಗಳ ಪಟ್ಟಿ) 'ಫೇಲ್ಡ್ ವಿತ್ ಎರರ್ -2'. ಮೈನಸ್ 2 ಅಂದರೆ ಫೈಲೇ ಇಲ್ಲ. ಫೈಲ್ ಎದುರಿಗೇ ಇದೆ! ಹೆಸರು, ಪರ್ಮಿಶನ್, ಫೋಲ್ಡರ್ ಎಲ್ಲ ಮೂರು ಸಲ ನೋಡಿದ ಮೇಲೆ ಹೊಳೆದದ್ದು: ಈ ಯಂತ್ರದಲ್ಲಿ ಇಂಟೆಲ್ ಗ್ರಾಫಿಕ್ಸಿನ ಐ915 ಡ್ರೈವರ್, ಬೂಟಿನ ಮೊದಲಿಗೆ ಮೆಮೊರಿಗೆ ಬರುವ ಪುಟ್ಟ ಫೈಲ್ ಗಂಟಾದ ಇನಿಟ್‌ರ‍್ಯಾಮ್‌ಎಫ್‌ಎಸ್‌ನಿಂದಲೇ ಎದ್ದೇಳುತ್ತದೆ, ಆ ಹೊತ್ತಿಗೆ ಹಾರ್ಡ್‌ಡಿಸ್ಕಿನ /ಲಿಬ್ ಇನ್ನೂ ಮೌಂಟ್ ಆಗಿರುವುದಿಲ್ಲ. ಫೈಲನ್ನು ಇನಿಟ್‌ರ‍್ಯಾಮ್‌ಎಫ್‌ಎಸ್ ಒಳಗೂ ತುಂಬಬೇಕು.

/ಇಟಿಸಿ/ಇನಿಟ್‌ರ‍್ಯಾಮ್‌ಎಫ್‌ಎಸ್-ಟೂಲ್ಸ್/ಹುಕ್ಸ್ ಒಳಗೆ ಒಂದು ಸಣ್ಣ ಸ್ಕ್ರಿಪ್ಟ್: ಡೆಸ್ಟ್‌ಡಿರ್ (ಆ ಗಂಟು ಕಟ್ಟುವ ತಾತ್ಕಾಲಿಕ ಜಾಗ) ಒಳಗೆ ಅದೇ ಫೋಲ್ಡರ್ ಮಾಡಿ ಫೈಲ್ ನಕಲಿಸುವುದು, ಎರಡೇ ಸಾಲಿನ ಕೆಲಸ. 'ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್ -ಯು'. ರಿಬೂಟ್. ಮತ್ತೆ ಮೈನಸ್ 2.

ಅರ್ಧ ದಿನ ಹೋದದ್ದು ಇಲ್ಲಿ. ಸ್ಕ್ರಿಪ್ಟಿಗೆ 'ಸಿಎಚ್‌ಮೋಡ್ +ಎಕ್ಸ್' ಕೊಟ್ಟಿರಲಿಲ್ಲ. ಎಕ್ಸಿಕ್ಯೂಟ್ ಪರ್ಮಿಶನ್ ಇಲ್ಲದ ಹುಕ್ಕನ್ನು (ಆ ಫೋಲ್ಡರಿನ ಸ್ಕ್ರಿಪ್ಟನ್ನು) ಅಪ್‌ಡೇಟ್ ಕಮಾಂಡ್ ಬಾಯಿಬಿಡದೆ ಬಿಟ್ಟುಬಿಡುತ್ತದೆ, ಎಚ್ಚರಿಕೆಯೂ ಇಲ್ಲ. ರಿಬೂಟ್ ಮಾಡುವ ಮೊದಲೇ 'ಎಲ್‌ಎಸ್‌ಇನಿಟ್‌ರ‍್ಯಾಮ್‌ಎಫ್‌ಎಸ್' ಓಡಿಸಿ ಪಟ್ಟಿಯಲ್ಲಿ 'ಇಡಿಐಡಿ' ಹುಡುಕಿದ್ದರೆ ಒಂದು ನಿಮಿಷದ ಮಾತು. ಫಲಿತಾಂಶ ಖಾತ್ರಿ ಮಾಡಿಕೊಳ್ಳದೆ ಮುಂದೆ ಹೋಗುವ ಹಂತ 2ರ ಚಾಳಿಯೇ ಇದು.

ಪರ್ಮಿಶನ್ ಕೊಟ್ಟ ಮೇಲೆ ಡಿಮೆಸೇಜ್ ಹೇಳಿತು: ಹೊರಗಿನ ಇಡಿಐಡಿ ಸಿಕ್ಕಿತು, ವಿಜಿಎ-1ಕ್ಕೆ. ಬೂಟ್ ಪರದೆ, ಲಾಗಿನ್, ಡೆಸ್ಕ್‌ಟಾಪ್ ಮೂರೂ 1280×1024, ಅದೂ 1688ರ ವೆಸಾ ಟೈಮಿಂಗ್‌ನಲ್ಲಿ. ಹಂತ 4ರ ಡಾಟ್-ಎಕ್ಸ್‌ಪ್ರೊಫೈಲ್ ಸಾಲುಗಳನ್ನು ಅಳಿಸಿದ್ದಾಯಿತು.

ಒಳ್ಳೆಯ ಕೇಬಲ್ ಎಲ್ಲೂ ಸಿಗದವರಿಗೆ ಅಡ್ಡದಾರಿಯೂ ಇದೆ. 5.15 ಕರ್ನಲ್ ಒಳಗೇ ಆರು ಅಳತೆಯ ಸಿದ್ಧ ಇಡಿಐಡಿ ಇವೆ, 'ಇಡಿಐಡಿ/1280x1024.ಬಿನ್' ಅವುಗಳಲ್ಲೊಂದು. ಆ ಹೆಸರು ಕೊಟ್ಟರೆ ಫೈಲೂ ಬೇಡ, ಹುಕ್ಕೂ ಬೇಡ. ಆದರೆ ಅದು ಎಲ್ಲರಿಗೂ ಒಂದೇ ಅಂಗಿ ಹೊಲಿದಂತೆ. ನಿಮ್ಮ ಮಾನಿಟರಿನ ನಿಜವಾದ ಮಿ.ಮೀ ಅಳತೆ ಅದರಲ್ಲಿರುವುದಿಲ್ಲ.

ಹಂತ 6. ಕ್ಲಾಕ್ ಮತ್ತು ಫೇಸ್

ಕ್ಲಾಕ್ ಅಂದರೆ ಮಾನಿಟರ್ ಒಂದು ಸಾಲನ್ನು ಎಷ್ಟು ತುಂಡು ಮಾಡಬೇಕು, ಫೇಸ್ ಅಂದರೆ ಪ್ರತಿ ತುಂಡಿನಲ್ಲಿ ಯಾವ ಕ್ಷಣಕ್ಕೆ ಮಾದರಿ ತೆಗೆಯಬೇಕು ಎಂಬುದು. ಮಾನಿಟರಿನ ಆಟೋ ಬಟನ್ ಒತ್ತಿದರೆ ಚಿತ್ರ ಮತ್ತೆ ಪಕ್ಕಕ್ಕೆ ಸರಿಯಿತು. ಡೆಸ್ಕ್‌ಟಾಪ್ ಕಪ್ಪು ವಾಲ್‌ಪೇಪರ್ ಇತ್ತು, ಮಾನಿಟರಿಗೆ ಚಿತ್ರದ ಅಂಚು ಎಲ್ಲಿ ಎಂದೇ ತಿಳಿಯಲಿಲ್ಲ. ಬಿಳಿ ಪುಟ ಪೂರ್ತಿ ಪರದೆಗೆ ತೆರೆದು ಆಟೋ ಒತ್ತಬೇಕು.

ಅದಕ್ಕಿಂತ ಒಳ್ಳೆಯದು ಒಂದೊಂದು ಪಿಕ್ಸೆಲ್ ಕಪ್ಪು-ಬಿಳಿ ಇರುವ ಚೌಕುಳಿ ಚಿತ್ರ. ಇಮೇಜ್‌ಮ್ಯಾಜಿಕ್ ಇದ್ದರೆ 'ಕನ್ವರ್ಟ್ -ಸೈಜ್ 1280x1024 ಪ್ಯಾಟರ್ನ್:ಗ್ರೇ50' ಎಂದು ಕೊಟ್ಟು ಪಿಎನ್‌ಜಿ ಮಾಡಿಕೊಳ್ಳಿ. ಫುಲ್‌ಸ್ಕ್ರೀನ್, 100% ಅಳತೆಯಲ್ಲಿ ತೆರೆಯಿರಿ. ಸ್ವಲ್ಪ ಹಿಗ್ಗಿದರೂ ಪರೀಕ್ಷೆ ಸುಳ್ಳಾಗುತ್ತದೆ. ಮೊದಲು ಮೆನುವಿನ ಕ್ಲಾಕ್: ಉದ್ದ ಪಟ್ಟಿಗಳು ಕಡಿಮೆಯಾಗುತ್ತ ಹೋಗಿ ಪೂರ್ತಿ ಮಾಯವಾಗುವವರೆಗೆ. ಆಮೇಲೆ ಫೇಸ್: ಇಡೀ ಪರದೆ ಮಿಣುಕುವುದು ನಿಂತು ಸಮ ಬೂದು ಬಣ್ಣಕ್ಕೆ ಬರುವವರೆಗೆ. ತಿರುವುಮುರುವು ಮಾಡಿದರೆ ಕೈ ಸೋಲುತ್ತದೆ. ಮಾನಿಟರ್ ಆನ್ ಆಗಿ ಅರ್ಧ ಗಂಟೆ ಆದಮೇಲೆ ಮಾಡಿ, ಚಳಿ ಬಿಡುವ ಮೊದಲು ಹೊಂದಿಸಿದ ಫೇಸ್ ಆಮೇಲೆ ಜಾರುತ್ತದೆ.

ಇದಾದ ಮೇಲೆ 'ದ ಧ ಥ, ಡ ಢ, ಪ ಫ, ಬ ಭ' ಒಂದೇ ಸಾಲಿನಲ್ಲಿ 10 ಪಾಯಿಂಟ್‌ಗೆ ಹೊಡೆದು ಪರದೆಯ ಎಡ, ನಡು, ಬಲ ಮೂರೂ ಕಡೆ ಇಟ್ಟು ನೋಡಿದ್ದು. ಮೂರೂ ಕಡೆ ಸೀಳು, ಚುಕ್ಕೆ ಬೇರೆ ಬೇರೆ ಕಂಡವು. ಅಕ್ಷರಗಳ ಬಲ ಅಂಚಿನಲ್ಲಿ ತೆಳು ನೆರಳು ಉಳಿದಿದೆ, ಅದು ಕೇಬಲ್ಲಿನದು, ಸೆಟ್ಟಿಂಗಿನದಲ್ಲ.

ಹಂತ 7. ಹಳದಿ ಬಣ್ಣ

ಟ್ಯೂಬ್ ಹಳೆಯದಾಗಿ ಬಿಳಿ ಹಳದಿಯಾಗಿತ್ತು. ಎಕ್ಸ್‌ರ‍್ಯಾಂಡರಿನ ಗಾಮಾ ಬದಲಿಸಿದರೆ ನಡುವಿನ ಬಣ್ಣಗಳು ಬದಲಾದವು, ಬಿಳಿ ಮಾತ್ರ ಹಾಗೇ; ಗಾಮಾ ತುದಿಯ ಬಿಳಿಯನ್ನು ಮುಟ್ಟುವುದಿಲ್ಲ. ಅದರ 'ಬ್ರೈಟ್‌ನೆಸ್' ಕೂಡ ಬ್ಯಾಕ್‌ಲೈಟ್ ಅಲ್ಲ, ಬರೀ ಅಂಕಿ ಕಡಿತ. ಮಾನಿಟರ್ ಮೆನುವಿನಲ್ಲೇ ಕೆಂಪು 50ರಿಂದ 44ಕ್ಕೆ, ಹಸಿರು 46ಕ್ಕೆ ಇಳಿಸಿ, ಪಕ್ಕದಲ್ಲಿ ಪ್ರೆಸ್ಸಿನ ಮ್ಯಾಪ್‌ಲಿಥೋ ಹಾಳೆ ಹಿಡಿದು ಹೋಲಿಸಿ ಬಿಟ್ಟದ್ದು.

ಹಂತ 8. ಪರದೆ ಉದ್ದಕ್ಕೆ ನಿಲ್ಲಿಸಿ ನೋಡಿದ್ದು

ಎ4 ಪುಟ 96 ಡಿಪಿಐನಲ್ಲಿ 794×1123 ಪಿಕ್ಸೆಲ್. ಮಲಗಿಸಿದ ಪರದೆಯಲ್ಲಿ ಎತ್ತರ 1024, ಅಂದರೆ ಕಾರ್ಡಿನ ಕೆಳಗಿನ 26 ಮಿ.ಮೀ ಹೊರಗೆ. 'ತಮ್ಮ ಆಗಮನಾಭಿಲಾಷಿಗಳು' ಇರುವುದೇ ಅಲ್ಲಿ. ಪರದೆ ನಿಲ್ಲಿಸಿದರೆ 1280 ಸಿಗುತ್ತದೆ, ಪೂರ್ತಿ ಪುಟ ನಿಜ ಅಳತೆಯಲ್ಲೇ ಕೂಡುತ್ತದೆ. ಪಿಕ್ಸೆಲ್ 0.264 ಮಿ.ಮೀ, ಸ್ಟೀಲ್ ಪಟ್ಟಿ ಇಟ್ಟು ಅಳೆದರೆ 297ಕ್ಕೆ ಅರ್ಧ ಮಿ.ಮೀ ಕಡಿಮೆ.

ಸ್ಟ್ಯಾಂಡ್ ತಿರುಗುವಂಥದ್ದಲ್ಲ. ಹಿಂದಿನ 100 ಮಿ.ಮೀ ಅಂತರದ ನಾಲ್ಕು ತೂತಿಗೆ 12 ಮಿ.ಮೀ ಪ್ಲೈವುಡ್ ಪಟ್ಟಿ. ಮೊದಲು ತಂದ ಎಂ4×25 ಸ್ಕ್ರೂ ಉದ್ದವಾಯಿತು. ಕಡೆಯ ಎರಡು ಸುತ್ತು ಬಿಗಿಯಾದದ್ದು ಗೊತ್ತಾಗಿ ನಿಲ್ಲಿಸದಿದ್ದರೆ ಒಳಗಿನ ತಗಡಿಗೆ ಚುಚ್ಚುತ್ತಿತ್ತು. ಎಂ4×20 ಸರಿ.

ಮಾನಿಟರನ್ನು ಗಡಿಯಾರದ ದಿಕ್ಕಿಗೆ ಹೊರಳಿಸಿದರೆ ಕೊಡಬೇಕಾದದ್ದು 'ರೊಟೇಟ್ ಲೆಫ್ಟ್'. ಮೊದಲ ಸಲ ಎಲ್ಲರೂ ರೈಟ್ ಕೊಟ್ಟು ಕುತ್ತಿಗೆ ತಿರುಗಿಸುತ್ತಾರೆ. ಲಾಗಿನ್ ಪರದೆಗೂ ಬೇಕೆಂದರೆ ಕ್ಸಾರ್ಗ್.ಕಾನ್ಫ್.ಡಿ ಫೋಲ್ಡರಿನ ಫೈಲಿನಲ್ಲಿ ಮಾನಿಟರ್ ವಿಭಾಗ ಬರೆದು 'ರೊಟೇಟ್' ಆಪ್ಶನ್ ಹಾಕಬೇಕು. ಐಡೆಂಟಿಫೈಯರ್ 'ವಿಜಿಎ-1' ಇರಲಿ. ಹಳೆ ಇಂಟೆಲ್ ಡ್ರೈವರಿನ ಉದಾಹರಣೆ ನಕಲಿಸಿ 'ವಿಜಿಎ1' ಬರೆದದ್ದಕ್ಕೆ ಅದು ಕ್ಯಾರೇ ಅನ್ನಲಿಲ್ಲ, ಒಂದು ಅಡ್ಡಗೆರೆಯ ಕಥೆ.

ಹೊರಳಿಸಿದ ಮೇಲೆ ಅಕ್ಷರದ ಅಂಚಿನಲ್ಲಿ ಕೆಂಪು-ನೀಲಿ ಹಾಯಿತು. ಸಬ್‌ಪಿಕ್ಸೆಲ್‌ಗಳೂ (ಪಿಕ್ಸೆಲ್ಲಿನೊಳಗಿನ ಕೆಂಪು, ಹಸಿರು, ನೀಲಿ ಪಟ್ಟಿಗಳು) ಹೊರಳಿವೆ, ಎಡದ ಕೆಂಪು ಈಗ ಮೇಲೆ. ಅಪಿಯರೆನ್ಸ್ ಸೆಟ್ಟಿಂಗ್‌ನ ಫಾಂಟ್ ಭಾಗದಲ್ಲಿ ಆರ್‌ಜಿಬಿ ಬದಲು ವರ್ಟಿಕಲ್ ಆರ್‌ಜಿಬಿ ಕೊಟ್ಟರೆ ಹೋಗುತ್ತದೆ. ಟಿಎನ್ ಪ್ಯಾನೆಲ್ಲಿನ ಗುಣಕ್ಕೆ ಮಾತ್ರ ಮದ್ದಿಲ್ಲ: ಮೊದಲು ಕೆಳಗಿನಿಂದ ನೋಡಿದರೆ ಕಪ್ಪಾಗುತ್ತಿದ್ದದ್ದು ಈಗ ಎಡಗಡೆಯಿಂದ ಕಪ್ಪು. ಪ್ರೂಫ್ ನೋಡಲು ಬರುವ ಗಿರಾಕಿಯ ಕುರ್ಚಿಯನ್ನು ಬಲಗಡೆಗೆ ಹಾಕಿದೆ.

ಬೂಟ್ ಆಗುವಾಗಿನ ಅಕ್ಷರಗಳು ಇನ್ನೂ ಅಡ್ಡಡ್ಡ ಬರುತ್ತವೆ. ಗ್ರಬ್ ಸಾಲಿಗೆ 'ಎಫ್‌ಬಿಕಾನ್=ರೊಟೇಟ್:3' ಸೇರಿಸುವುದು ಬಾಕಿ.